ನಿಮ್ಮ ಬಾಂಡ್ ಲೇಖನ ವಾಪಸ್ ಬರುತ್ತಿರುವುದೇಕೆ

ಆತ್ಮೀಯರೇ,

ಸಿಂಧನೂರಿನಿಂದ ನೀವು ಕಳುಹಿಸಿದ ‘ಬಾಂಡ್ ಸತ್ತ, ಅಭಿಮಾನಿಯೂ ಸತ್ತ’ ಲೇಖನ ನಮ್ಮ ಬಳ್ಳಾರಿ ಕಚೇರಿಗೆ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದಿಲ್ಲ. ಎರಡು ಸಾಲಿನಲ್ಲಿ ಮುಗಿಸಬಹುದಾಗಿದ್ದ ಈ ಉತ್ತರ ಉದ್ದವಾಗುತ್ತಿರುವುದಕ್ಕೆ ನಿಮ್ಮ ಐದನೇ ಪುಟ ಕಾರಣ. ಅಲ್ಲಿಗೆ ಆಮೇಲೆ ಬರುತ್ತೇನೆ. ಸಿನಿಮಾದ ಮೇಲೆ ಸಿಟ್ಟಾಗಿ ಬರೆದ ಬರಹಗಳು ರಾಯಚೂರು, ಕೊಪ್ಪಳದ ಕಡೆಯಿಂದ ಇನ್ನೂ ಹಲವು ಬರುತ್ತಿವೆ. ಆದ್ದರಿಂದ ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಈ ಉತ್ತರವನ್ನು ಪತ್ರಿಕೆಯಲ್ಲೇ ಹಾಕುತ್ತಿದ್ದೇವೆ.

ಓದುಗರಿಗಾಗಿ ಲೇಖನದ ಸಾರ ಇಷ್ಟು: 1962ರ ‘ಡಾಕ್ಟರ್ ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ ಬ್ರಿಟಿಷ್ ಗೂಢಚಾರ ಜೇಮ್ಸ್ ಬಾಂಡ್‌ನ ಚಿತ್ರಸರಣಿ ಇಳಿಯುತ್ತಲೇ ಬಂದಿದೆ. ಬಾಂಡ್ ಪಾತ್ರ ಮಾಡಿದವರಲ್ಲಿ ಶಾನ್ ಕಾನರಿಯದು ಸುವರ್ಣಯುಗ, ರೋಜರ್ ಮೂರ್ ಕೋಡಂಗಿ, ಪಿಯರ್ಸ್ ಬ್ರಾಸ್ನನ್ ಶೋಕೇಸಿನ ಬೊಂಬೆ, ಡೇನಿಯಲ್ ಕ್ರೇಗ್ ಅಳುಮುಂಜಿ. ಕೊನೆಗೆ ನಾಯಕನನ್ನೇ ಕೊಂದು ನಿರ್ಮಾಪಕರು ಪ್ರೇಕ್ಷಕರಿಗೆ ದ್ರೋಹ ಬಗೆದರು.

ಇದರಲ್ಲಿ ನಿಮ್ಮದು ಎಷ್ಟು? ನೀವೇ ಬರೆದಿರುವಂತೆ ನೀವು ಕಂಡ ಮೊದಲ ಬಾಂಡ್ ಬ್ರಾಸ್ನನ್, ಅದೂ ಟಿವಿಯಲ್ಲಿ. ಹಾಗಿದ್ದೂ ಎರಡು ಪುಟಗಳ ತುಂಬ ಕಾನರಿಯ ಕಾಲಕ್ಕಾಗಿ ಹಲುಬಿದ್ದೀರಿ. ಆ ಚಿತ್ರಗಳನ್ನು ಆಮೇಲೆ ನೋಡಿ ಮೆಚ್ಚಿರಬಹುದು, ಅದು ಸಂತೋಷ. ಆದರೆ ಕಳೆದುಕೊಂಡೆನೆಂದು ಗೋಳಾಡುವುದಕ್ಕೆ ಮೊದಲು ಅದು ನಮ್ಮ ಕೈಯಲ್ಲಿ ಇದ್ದಿರಬೇಕು. ಈ ದುಃಖ ಎರವಲು ತಂದದ್ದು ಎಂಬುದು ಓದುಗರಿಗೆ ಮೂರನೇ ಸಾಲಿಗೇ ಗೊತ್ತಾಗಿಬಿಡುತ್ತದೆ.

ಸರಣಿ ಕೆಟ್ಟಿತು ಎಂಬ ಕೂಗೂ ಹೊಸದಲ್ಲ. 1969ರಲ್ಲಿ ಜಾರ್ಜ್ ಲೇಜನ್‌ಬಿ ಒಂದೇ ಚಿತ್ರ ಮಾಡಿ ಹೊರನಡೆದಾಗ ಎದ್ದಿತ್ತು. ‘ಸ್ಟಾರ್ ವಾರ್ಸ್’ ಗೆದ್ದಿತೆಂದು 1979ರ ‘ಮೂನ್‌ರೇಕರ್’ನಲ್ಲಿ ಬಾಂಡ್‌ನನ್ನೂ ಅಂತರಿಕ್ಷಕ್ಕೆ ಹಾರಿಸಿದಾಗ ಎದ್ದಿತ್ತು. 1985ರಲ್ಲಿ 57 ವರ್ಷದ ಮೂರ್ ತನ್ನ ಕೊನೆಯ ಚಿತ್ರದಲ್ಲಿ ಏದುಸಿರು ಬಿಡುತ್ತಾ ಓಡಿದಾಗ, 1989ರ ನಂತರ ಕಾನೂನು ಜಗಳದಲ್ಲಿ ಸಿಕ್ಕಿಬಿದ್ದು ಆರು ವರ್ಷ ಚಿತ್ರವೇ ಬಾರದಿದ್ದಾಗ, 2002ರಲ್ಲಿ ಕಣ್ಣಿಗೇ ಕಾಣದ ಕಾರು ಬಂದಾಗ, ಪ್ರತಿ ಸಲವೂ ‘ಇನ್ನು ಮುಗಿಯಿತು’ ಎಂದವರಿದ್ದರು. ಮುಂದಿನ ಚಿತ್ರಕ್ಕೆ ಸಾಲಿನಲ್ಲಿ ನಿಂತವರಲ್ಲಿ ಅವರೂ ಇದ್ದರು. ‘ಜಗತ್ತಿನ ಪ್ರೇಕ್ಷಕರೆಲ್ಲ ತಿರಸ್ಕರಿಸಿದ್ದಾರೆ’ ಎನ್ನುತ್ತೀರಿ. 2012ರ ‘ಸ್ಕೈಫಾಲ್’ ನೂರು ಕೋಟಿ ಡಾಲರ್ ದಾಟಿ ಗಳಿಸಿತು. ತಿರಸ್ಕಾರ ಹಾಗಿರುವುದಿಲ್ಲ. ಬೈಯುತ್ತಲೇ ಟಿಕೆಟ್ ಕೊಳ್ಳುವವನ ಮನಸ್ಸು ನಿಜಕ್ಕೂ ಬರೆಯಬೇಕಾದ ವಿಷಯ, ಆದರೆ ನಿಮ್ಮ ಲೇಖನದಲ್ಲಿ ಅವನು ಎಲ್ಲೂ ಇಲ್ಲ.

ಇನ್ನು ತಪ್ಪುಗಳು. ಬಾಂಡ್‌ನನ್ನು ಸೃಷ್ಟಿಸಿದ ಕಾದಂಬರಿಕಾರ ಇಯಾನ್ ಫ್ಲೆಮಿಂಗ್ ಬದುಕಿರುವವರೆಗೆ ಚಿತ್ರಗಳು ಗಟ್ಟಿಯಾಗಿದ್ದವು ಎಂದಿದ್ದೀರಿ. ಫ್ಲೆಮಿಂಗ್ ತೀರಿಕೊಂಡದ್ದು 1964ರ ಆಗಸ್ಟ್‌ನಲ್ಲಿ. ನೀವು ನೆತ್ತಿಯ ಮೇಲೆ ಹೊತ್ತಿರುವ ‘ಗೋಲ್ಡ್‌ಫಿಂಗರ್’ ತೆರೆಕಂಡದ್ದು ಅದರ ಮರುತಿಂಗಳು. ನಿಮ್ಮ ಲೆಕ್ಕದಲ್ಲಿ ಒಳ್ಳೆಯ ಚಿತ್ರಗಳು ಎರಡೇ ಉಳಿಯುತ್ತವೆ. ಸರಣಿಯಲ್ಲಿ 26 ಚಿತ್ರಗಳಿವೆ ಎಂದಿದ್ದೀರಿ. ಸರಣಿಯ ನಿರ್ಮಾಣ ಸಂಸ್ಥೆ ಇಯಾನ್ (Eon) ಪ್ರೊಡಕ್ಷನ್ಸ್ ತೆಗೆದದ್ದು 25. ಕಾನರಿ ಮರಳಿ ಬಂದ 1983ರ ‘ನೆವರ್ ಸೇ ನೆವರ್ ಅಗೇನ್’ ಬೇರೆಯವರ ಚಿತ್ರ. 2008ರ ‘ಕ್ವಾಂಟಮ್ ಆಫ್ ಸೊಲೇಸ್’ ಸೊರಗಿದ್ದಕ್ಕೆ ನಿರ್ದೇಶಕನ ಸೋಮಾರಿತನ ಕಾರಣ ಎಂದು ತೀರ್ಪು ಕೊಟ್ಟುಬಿಟ್ಟಿದ್ದೀರಿ. ಆ ಹೊತ್ತಿಗೆ ಹಾಲಿವುಡ್‌ನ ಚಿತ್ರಕಥೆಗಾರರು ಮುಷ್ಕರ ಹೂಡಿದ್ದರು. ಅರೆಬೆಂದ ಚಿತ್ರಕಥೆ ಹಿಡಿದು, ದೃಶ್ಯಗಳನ್ನು ನಟನೂ ನಿರ್ದೇಶಕನೂ ತಾವೇ ತಿದ್ದಿಕೊಳ್ಳುತ್ತಾ ಚಿತ್ರೀಕರಣ ನಡೆಸಿದರು. ಇದನ್ನು ಕ್ರೇಗ್ ಅವರೇ ಹೇಳಿಕೊಂಡಿದ್ದಾರೆ. ಹಾಗೆಯೇ 2015ರ ‘ಸ್ಪೆಕ್ಟರ್’ನಲ್ಲಿ ಮುತ್ತಿನ ದೃಶ್ಯಗಳನ್ನು ಅರ್ಧಕ್ಕೆ ಕತ್ತರಿಸಿದ್ದು ನಮ್ಮ ಸೆನ್ಸಾರ್ ಮಂಡಳಿ. ಆ ಸಿಟ್ಟನ್ನು ಲಂಡನ್ನಿನವರ ಖಾತೆಗೆ ಬರೆಯುವುದು ನ್ಯಾಯವಲ್ಲ.

ಈಗ ಐದನೇ ಪುಟ.

‘ಸ್ಪೆಕ್ಟರ್’ ಬಂದಾಗ ನಿಮ್ಮ ಜೊತೆ ರಾಯಚೂರಿನ ಚಿತ್ರಮಂದಿರಕ್ಕೆ ಒಬ್ಬ ಸ್ನೇಹಿತರು ಬಂದಿದ್ದರು. ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು ಬಂದವರು. ಹಿಮ ತುಂಬಿದ ಬೆಟ್ಟದ ಮನೆಯೊಂದರಲ್ಲಿ ವಿಷವೇರಿ ಸಾಯುತ್ತಿರುವ ಮುದುಕನ ಮುಂದೆ ಬಾಂಡ್ ಕೂರುತ್ತಾನಲ್ಲ, ಆ ದೃಶ್ಯದಲ್ಲಿ ಅವರು ನಿಮ್ಮ ಮೊಣಕೈ ತಿವಿದು, ‘ಇವನು ಯಾರು, ಇಬ್ಬರಿಗೂ ಏನು ಹಳೆಯ ಲೆಕ್ಕ?’ ಎಂದು ಕೇಳಿದರು. ಚಿತ್ರ ಮುಗಿದ ಮೇಲೆ ಹೊರಗಿನ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತಾ ನೀವು ವಿವರಿಸಿದಿರಿ: ಅವನು ಮಿಸ್ಟರ್ ವೈಟ್, 2006ರ ‘ಕಸಿನೊ ರಾಯಲ್’ನ ಕೊನೆಯಲ್ಲಿ ಬಾಂಡ್ ಅವನ ಕಾಲಿಗೆ ಗುಂಡು ಹೊಡೆಯುತ್ತಾನೆ, ಮುಂದಿನ ಚಿತ್ರ ಶುರುವಾಗುವಾಗ ಅವನು ಕಾರಿನ ಡಿಕ್ಕಿಯಲ್ಲಿರುತ್ತಾನೆ, ಆಮೇಲೆ ತಪ್ಪಿಸಿಕೊಳ್ಳುತ್ತಾನೆ. ಸ್ನೇಹಿತರು ಮಿರ್ಚಿಯ ತೊಟ್ಟು ಕಿತ್ತು ಬದಿಗಿಟ್ಟು, ‘ನಾನು ಸಿನಿಮಾ ನೋಡಲು ಬಂದೆನೋ, ಪರೀಕ್ಷೆ ಬರೆಯಲು ಬಂದೆನೋ?’ ಎಂದರು.

ಇದನ್ನು ನೀವು ನಗೆಹನಿಯಂತೆ ಬಳಸಿ, ‘ಇಂಥ ಅಮಾಯಕ ಪ್ರೇಕ್ಷಕರೂ ಇದ್ದಾರೆ’ ಎಂದು ಮುಂದಕ್ಕೆ ಹೋಗಿದ್ದೀರಿ. ಇಡೀ ಲೇಖನದಲ್ಲಿ ವಿಮರ್ಶಕ ಎನ್ನಿಸಿಕೊಳ್ಳಲು ಯೋಗ್ಯರಾದವರು ಅವರೊಬ್ಬರೇ. ಅಮಾಯಕರೆಂದು ಕರೆದದ್ದನ್ನು ಅಳಿಸಿ.

ಅವರು ಕೇಳಿದ ಪ್ರಶ್ನೆಯ ಹಿಂದೆ ನಮ್ಮ ಭಾಗದ ಸಿನಿಮಾ ನೋಟದ ಚರಿತ್ರೆಯೇ ಇದೆ. ರೀಲುಗಳ ಕಾಲದಲ್ಲಿ ಇಂಗ್ಲಿಷ್ ಚಿತ್ರದ ಡಬ್ಬಗಳು ದೊಡ್ಡ ಊರುಗಳಲ್ಲಿ ಓಡಿ, ಗೀರು ಬಿದ್ದು, ಆಮೇಲೆ ಇತ್ತ ಬರುತ್ತಿದ್ದವು. ಯಾವುದು ಸಿಕ್ಕಿತೋ ಅದು ಮಾರ್ನಿಂಗ್ ಶೋ. ಈ ವಾರ ಮೂರ್, ಬರುವ ವರ್ಷ ಕಾನರಿ, ನಡುವೆ ಮರುಬಿಡುಗಡೆಯ ಇನ್ನೊಂದು. ವರ್ಷದ ಕ್ರಮದಲ್ಲಿ ಬಾಂಡ್ ನೋಡಿದವರು ಬಳ್ಳಾರಿಯಲ್ಲಿ ಎಷ್ಟು ಮಂದಿ ಸಿಕ್ಕಾರು? ಭಾಷೆಯೂ ಅಷ್ಟೆ. ಡಬ್ಬಿಂಗ್‌ಗೆ ಕನ್ನಡದ ಬಾಗಿಲು ದಶಕಗಟ್ಟಲೆ ಮುಚ್ಚಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆಯೇ ಅದು ಸಡಿಲವಾದದ್ದು. ಅಲ್ಲಿಯವರೆಗೆ ಗಡಿಯ ಈ ಊರುಗಳಲ್ಲಿ ಬಾಂಡ್ ಇಂಗ್ಲಿಷ್ ಬಿಟ್ಟರೆ ತೆಲುಗಿನಲ್ಲೋ ಹಿಂದಿಯಲ್ಲೋ ಮಾತಾಡಬೇಕಿತ್ತು. ಗಾಂಧಿ ಕ್ಲಾಸಿನವರಿಗೆ ಅರ್ಧ ಸಂಭಾಷಣೆ ಹೋದರೂ ಚಿತ್ರ ಹೋಗುತ್ತಿರಲಿಲ್ಲ. ಏಕೆಂದರೆ ಪ್ರತಿ ಚಿತ್ರವೂ ತನ್ನಷ್ಟಕ್ಕೆ ಪೂರ್ಣ. ಖಳನಾಯಕ ಅದರಲ್ಲೇ ಹುಟ್ಟಿ ಅದರಲ್ಲೇ ಸಾಯುತ್ತಿದ್ದ. ಡಾ. ರಾಜ್‌ಕುಮಾರ್ ಅವರ ಸಿಐಡಿ 999 ಪ್ರಕಾಶ್ ಕೂಡ ಹಾಗೆಯೇ ಬಂದವನು. 1968ರ ‘ಜೇಡರ ಬಲೆ’ ನೋಡದವರಿಗೂ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಕುರ್ಚಿ ಇತ್ತು. ಆ ಅಚ್ಚಿಗೆ ಹೊಂದಿಕೊಂಡ ಕಣ್ಣುಗಳೇ ಇಲ್ಲಿ ಬಾಂಡ್‌ನನ್ನೂ ನೋಡಿದ್ದು.

2006ರಿಂದ ಇದು ಬದಲಾಯಿತು. ಕ್ರೇಗ್‌ನ ಐದು ಚಿತ್ರಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿ ಒಂದೇ ಕಥೆ ಮಾಡಿದರು. ‘ನೋ ಟೈಮ್ ಟು ಡೈ’ಯಲ್ಲಿ ಬಾಂಡ್ ಇಟಲಿಯ ಬೆಟ್ಟದೂರಿನಲ್ಲಿ ಒಂದು ಸಮಾಧಿಯ ಮುಂದೆ ನಿಲ್ಲುತ್ತಾನೆ. ಅದು ಯಾರದೆಂದು ಮನಸ್ಸಿಗೆ ತಟ್ಟಬೇಕಾದರೆ ಹದಿನೈದು ವರ್ಷ ಹಿಂದಿನ ಚಿತ್ರ ನೆನಪಿರಬೇಕು. ನಿಮ್ಮ ಸ್ನೇಹಿತರಂಥವರು ಅಲ್ಲಿಗೆ ಹೊರಗಿನವರಾದರು. ಕೊನೆಯಲ್ಲಿ ದ್ವೀಪದ ಮೇಲೆ ಕ್ಷಿಪಣಿ ಬಿದ್ದು ಬಾಂಡ್ ಸತ್ತಾಗ ಅವರಿಗಾದದ್ದು ನೀವು ಬರೆದಿರುವ ‘ಎದೆಯೊಡೆಯುವ ವೇದನೆ’ಯೋ ಅಥವಾ ಬರೀ ಗೊಂದಲವೋ? ಕೇಳಿದ್ದೀರಾ?

ಬಾಂಡ್ ಚಿತ್ರವನ್ನು ನೀವು ನಮ್ಮ ಬಯಲಾಟಕ್ಕೆ ಹೋಲಿಸಿದ್ದೀರಿ: ಅದೇ ಕಥೆ, ಅದೇ ಕುಣಿತ, ಆದರೂ ಜನ ಸೇರುತ್ತಾರೆ ಎಂದು. ಹೋಲಿಕೆ ಹಳೆಯ ಬಾಂಡ್‌ಗೆ ಒಪ್ಪುತ್ತದೆ, ಹೊಸಬನಿಗೆ ಒಪ್ಪುವುದಿಲ್ಲ. ಸರಿರಾತ್ರಿಯಲ್ಲಿ ಬಂದು ಚಾಪೆ ಹಾಸಿ ಕೂತವನಿಗೂ ಆಟ ತಿಳಿಯುವುದು ಹಿಂದಿನ ಕಥೆ ಅವನ ಮನೆಯಲ್ಲೇ, ಅಜ್ಜಿಯ ಬಾಯಲ್ಲೇ ಸಿಕ್ಕಿರುವುದರಿಂದ. ಇಲ್ಲಿ ಹಿಂದಿನ ಕಥೆಗೂ ಟಿಕೆಟ್ ಕೊಳ್ಳಬೇಕು. ಈ ವ್ಯತ್ಯಾಸವನ್ನು ನೀವು ಹಿಡಿದಿದ್ದರೆ ಲೇಖನದ ದಿಕ್ಕೇ ಬೇರೆಯಾಗುತ್ತಿತ್ತು.

ಎರಡು ಆಕ್ಷೇಪಗಳಿಗೆ ಸಿದ್ಧರಾಗಿರಿ. ಹಳೆಯ ಚಿತ್ರಗಳಲ್ಲೂ ಕೊಂಡಿಗಳಿದ್ದವಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದ್ದವು. 1969ರಲ್ಲಿ ಮದುವೆಯ ದಿನವೇ ಕೊಲೆಯಾದ ಹೆಂಡತಿಯ ಪ್ರಸ್ತಾಪ 1977ರ ಚಿತ್ರದಲ್ಲಿ ಬರುತ್ತದೆ, 1981ರ ಚಿತ್ರ ಅವಳ ಸಮಾಧಿಯಿಂದಲೇ ಶುರುವಾಗುತ್ತದೆ. ಆದರೆ ಅದು ಗೊತ್ತಿದ್ದವರಿಗೆ ಸಿಕ್ಕ ಕೊಸರು. ಗೊತ್ತಿಲ್ಲದವರ ತಕ್ಕಡಿಯಲ್ಲಿ ಏನೂ ಕಡಿಮೆಯಾಗುತ್ತಿರಲಿಲ್ಲ.

ಎರಡನೆಯದು ಗಟ್ಟಿ ಆಕ್ಷೇಪ. ಈಗ ಮೊಬೈಲಿನಲ್ಲೇ ಎಲ್ಲವನ್ನೂ ಸಾಲಾಗಿ ನೋಡಬಹುದು, ಹಾಗಿದ್ದ ಮೇಲೆ ದೂರೇಕೆ? ಇಲ್ಲಿ ನಿಮ್ಮ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಸಾಲಾಗಿ ನೋಡಿದವನಿಗೆ ಹೊಲಿಗೆ ಕಾಣುತ್ತದೆ. ಬ್ಲೋಫೆಲ್ಡ್ ಎಂಬ ಖಳನ ಮೇಲೆ, ಅವನ ಸ್ಪೆಕ್ಟರ್ ಕೂಟದ ಮೇಲೆ ಕೆವಿನ್ ಮೆಕ್‌ಕ್ಲೋರಿ ಎಂಬವರು ಹಕ್ಕು ಸಾಧಿಸಿದ್ದರು. ಅವರು ಫ್ಲೆಮಿಂಗ್ ಜೊತೆ ಕೂತು ಬರೆದ ಚಿತ್ರಕಥೆಯನ್ನೇ ಫ್ಲೆಮಿಂಗ್ 1961ರಲ್ಲಿ ‘ಥಂಡರ್‌ಬಾಲ್’ ಕಾದಂಬರಿ ಮಾಡಿಕೊಂಡದ್ದರಿಂದ ಎದ್ದ ವ್ಯಾಜ್ಯ ಅದು. ಹಾಗಾಗಿ 1971ರ ನಂತರ ಆ ಹೆಸರು ಇಯಾನ್ ಪ್ರೊಡಕ್ಷನ್ಸ್‌ನವರ ಚಿತ್ರಗಳಿಂದ ಮಾಯವಾಯಿತು. 1981ರಲ್ಲಿ ಗಾಲಿಕುರ್ಚಿಯ ಬೋಳುತಲೆಯವನೊಬ್ಬನನ್ನು, ಹೆಸರೇ ಹೇಳದೆ, ಚಿಮಣಿಯೊಳಗೆ ಕೆಡವಿ ಕೈತೊಳೆದುಕೊಂಡರು. ಮೆಕ್‌ಕ್ಲೋರಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ, 2013ರಲ್ಲಿ, ಹಕ್ಕು ಇತ್ಯರ್ಥವಾಗಿ ನಿರ್ಮಾಪಕರ ಕೈಗೆ ಬಂತು. 2015ರಲ್ಲಿ ಬ್ಲೋಫೆಲ್ಡ್ ಹಾಜರು! ಅದೂ ಬಾಂಡ್‌ನ ಸಾಕುತಂದೆಯ ಮಗನಾಗಿ, ಹಿಂದಿನ ಮೂರು ಚಿತ್ರಗಳ ಕಷ್ಟಗಳಿಗೆಲ್ಲ ತಾನೇ ಸೂತ್ರಧಾರ ಎನ್ನುತ್ತಾ. ‘ಸ್ಕೈಫಾಲ್’ನ ಸಿಲ್ವಾ ತನ್ನ ಹಳೆಯ ಮೇಲಧಿಕಾರಿಯ ಮೇಲಿನ ಹಗೆಯಿಂದ ಬಂದವನು, ಅವನಿಗೆ ಇನ್ನೊಬ್ಬ ಯಜಮಾನನ ಅಗತ್ಯವೇ ಇರಲಿಲ್ಲ. ಅವನನ್ನೂ ಹಿಂದಿನಿಂದ ಎಳೆದು ತಂದು ಈ ಕೂಟಕ್ಕೆ ಸೇರಿಸಿದರು. ನಡುವೆ ಬಂದವನಿಗೆ ಕಥೆ ತಿಳಿಯಲಿಲ್ಲ, ಮೊದಲಿನಿಂದ ನೋಡಿದವನಿಗೆ ಮೋಸ ತಿಳಿಯಿತು. ನಿಮ್ಮ ಲೇಖನ ಹೇಳಬೇಕಾದದ್ದು ಇದನ್ನು. ವಕೀಲರ ಮೇಜಿನಿಂದ ಚಿತ್ರಕಥೆಗೆ ಬಂದ ಈ ದಾರಿಯನ್ನು ತೋರಿಸಿ, ಆಗ ನಿರಾಶೆಗೆ ಕಾರಣ ಸಿಗುತ್ತದೆ. ಸುಮ್ಮನೆ ‘ದ್ರೋಹ’ ಎಂದರೆ ಯಾರಿಗೆ ಏನು ತಿಳಿದೀತು?

ಉದಯಪುರದಲ್ಲಿ ಚಿತ್ರೀಕರಿಸಿದ 1983ರ ‘ಆಕ್ಟೊಪಸಿ’ ಬಗ್ಗೆ ನೀವು ಬರೆದ ಪ್ಯಾರಾ ಚೆನ್ನಾಗಿದೆ, ಉಳಿಸಿಕೊಳ್ಳಿ. ಆಟೋದಲ್ಲಿ ಹೋಗುತ್ತಾ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ರ‍್ಯಾಕೆಟ್‌ನಿಂದಲೇ ವೈರಿಗಳಿಗೆ ಬಾರಿಸುವುದು, ಬೀದಿಯ ಜನ ಪಂದ್ಯ ನೋಡುವವರಂತೆ ತಲೆಯನ್ನು ಅತ್ತಿತ್ತ ತಿರುಗಿಸುವುದು, ಇದನ್ನೆಲ್ಲ ಕಣ್ಣಿಟ್ಟು ನೋಡಿದ್ದೀರಿ. ಅದೇ ಚಿತ್ರದಲ್ಲಿ ಬಾಂಡ್ ಜೂಜಿನಲ್ಲಿ ಗೆದ್ದ ನೋಟುಗಳನ್ನು ಭಾರತೀಯ ಸಹಾಯಕನ ಕೈಗಿಟ್ಟು, ಕೆಲವು ವಾರ ನಿನ್ನ ಊಟಕ್ಕೆ ಆಯಿತಲ್ಲ ಎಂಬಂಥ ಮಾತಾಡುತ್ತಾನೆ. ಮುಂದಿನ ಸಾಲಿನ ಶಿಳ್ಳೆ, ಆಮೇಲೆ ಈ ಮಾತಿಗೆ ಆಗುವ ಇರಿಸುಮುರಿಸು, ಎರಡೂ ಒಂದೇ ಟಿಕೆಟ್ಟಿಗೆ. ನೀವು ಶಿಳ್ಳೆಯನ್ನಷ್ಟೇ ಬರೆದು ನಿಲ್ಲಿಸಿದ್ದೀರಿ. ಮುಂದುವರಿಸಿ.

ಕೊನೆಯ ಪುಟ ಪೂರ್ತಿ ತೆಗೆದುಹಾಕಿ. 2025ರ ಫೆಬ್ರವರಿಯಲ್ಲಿ ಸರಣಿಯ ಸೃಜನಾತ್ಮಕ ಹಿಡಿತ ನಿರ್ಮಾಪಕ ಬ್ರೊಕೊಲಿ ಕುಟುಂಬದ ಕೈಬಿಟ್ಟು ಅಮೆಜಾನ್ ಪಾಲಾಯಿತು, ಜೂನ್‌ನಲ್ಲಿ ಡೆನಿಸ್ ವಿಲ್ನವ್ ನಿರ್ದೇಶಕರೆಂದು ಪ್ರಕಟವಾಯಿತು, ಆದ್ದರಿಂದ ಮುಂದಿನ ಚಿತ್ರ ಹಾಳಾಗುವುದು ಖಚಿತ ಎಂದು ಬರೆದಿದ್ದೀರಿ. ತೆರೆಗೆ ಬಾರದ ಚಿತ್ರದ ವಿಮರ್ಶೆಯನ್ನು ನಾವು ಅಚ್ಚು ಹಾಕುವುದಿಲ್ಲ. ಮೊದಲ ನಾಲ್ಕು ಪುಟಗಳಿಂದ ಒಂದು ಪ್ಯಾರಾ ಸಾಕು. ಉಳಿದ ಜಾಗಕ್ಕೆ ಜನರನ್ನು ಹುಡುಕಿ: ಬಳ್ಳಾರಿ, ಹೊಸಪೇಟೆ, ಗಂಗಾವತಿಯ ಹಳೆಯ ಚಿತ್ರಮಂದಿರಗಳಲ್ಲಿ ಪ್ರೊಜೆಕ್ಟರ್ ನಡೆಸಿದವರು, ಗೇಟ್‌ನಲ್ಲಿ ಟಿಕೆಟ್ ಹರಿದವರು, ಗೋಡೆಗೆ ಪೋಸ್ಟರ್ ಅಂಟಿಸಿದವರು ಇನ್ನೂ ಇದ್ದಾರೆ. ಯಾವ ಬಾಂಡ್ ಯಾವುದರ ನಂತರ ಇಲ್ಲಿಗೆ ಬಂದ ಎಂಬುದನ್ನು ಅವರಿಂದ ಕೇಳಿ ಬರೆದುಕೊಳ್ಳಿ. ಚಿತ್ರದ ಹೆಸರಿನ ಪಕ್ಕದಲ್ಲಿ ವರ್ಷ ಹಾಕಿ. ಸ್ನೇಹಿತರ ಮಾತನ್ನು ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ದೀಪಾವಳಿ ಸಂಚಿಕೆಯಲ್ಲಿ ಜಾಗ ಕಾಯ್ದಿರಿಸುತ್ತೇನೆಂದು ಮಾತು ಕೊಡುವುದಿಲ್ಲ. ಬರಹ ಬರಲಿ, ನೋಡೋಣ.

ಇಂತಿ,
ಸಂಪಾದಕ