ಹಲ್ಲು ಕೀಳಿಸುವ ಮೊದಲು ಹಳೆಯ ಕಾಗದ ತೋರಿಸಿ

ಪ್ರಶ್ನೆ: ನನಗೀಗ 58 ವರ್ಷ. ಮುಧೋಳ ತಾಲ್ಲೂಕಿನಲ್ಲಿ ಕಬ್ಬು ಬೆಳೆಯುವ ರೈತ. ನಾಲ್ಕು ವರ್ಷಗಳ ಹಿಂದೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಗಿ ಏಳು ವಾರ ಕರೆಂಟ್ ಕೊಡಿಸಿಕೊಂಡೆ. ಜೊತೆಗೆ ವಾರಕ್ಕೊಮ್ಮೆ ಕಿಮೋ ಸಲಾಯಿನ್ ಹಾಕಿದರು. ರೋಗ ಮರಳಿಲ್ಲವೆಂದು ಪ್ರತಿ ತಪಾಸಣೆಯಲ್ಲೂ ಹೇಳುತ್ತಾರೆ. ಆದರೆ ಬಾಯಲ್ಲಿ ಜೊಲ್ಲೇ ಇಲ್ಲ, ರೊಟ್ಟಿ ಗಂಟಲಿನಲ್ಲಿ ಇಳಿಯುವುದಿಲ್ಲ, ರಾತ್ರಿ ನಾಲ್ಕು ಸಲ ನೀರಿಗಾಗಿ ಏಳುತ್ತೇನೆ. ಈಚೆಗೆ ಕೆಳದವಡೆಯ ಎರಡು ಹಲ್ಲುಗಳು ಬುಡದಲ್ಲಿ ಕಪ್ಪಾಗಿ ನೋಯುತ್ತಿವೆ. ಮುಂದಿನ ವಾರ ಕೀಳೋಣವೆಂದು ಊರಿನ ಹಲ್ಲಿನ ವೈದ್ಯರು ಹೇಳಿದ್ದಾರೆ. ಮೈಯಲ್ಲಿ ಶಕ್ತಿಯಿಲ್ಲ, ಬೇಸಿಗೆಯಲ್ಲೂ ಚಳಿ, ಮಲಬದ್ಧತೆ. ‘ಬ್ಯಾನಿ ಹೋಗೇತಿ, ಇನ್ಯಾಕ ಚಿಂತಿ ಮಾಡ್ತಿ’ ಎಂದು ಮನೆಯವರು ಗದರುತ್ತಾರೆ. ಇದೆಲ್ಲ ನನ್ನ ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಉಳಿದ ಮಾತಿಗಿಂತ ಮೊದಲು ಒಂದು ವಿನಂತಿ: ಮುಂದಿನ ವಾರ ಹಲ್ಲು ಕೀಳಿಸುವುದನ್ನು ಸದ್ಯಕ್ಕೆ ತಡೆಯಿರಿ. ನೀವು ‘ಕರೆಂಟ್’ ಎಂದು ಬರೆದದ್ದು ಕಿರಣ ಚಿಕಿತ್ಸೆ; ಅದು ನಿಮಗಾಗಿದೆ ಎಂಬುದನ್ನು ಆ ವೈದ್ಯರಿಗೆ ಹೇಳಿದ್ದೀರೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ನಾಲ್ಕು ವರ್ಷದ ಹಿಂದಿನ ಸಂಗತಿಯನ್ನು ಹಲ್ಲುನೋವಿಗೆ ಹೋದಾಗ ಯಾರೂ ನೆನಪಿಸಿಕೊಂಡು ಹೇಳುವುದಿಲ್ಲ, ಅದು ಸಹಜ. ಆದರೆ ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಹೇಳಬೇಕಾದ ಸಂಗತಿ ಅದೇ.

ನಾಲಿಗೆಯ ಬುಡವೂ ಗಂಟಲಿನ ಭಾಗವೇ. ಇಲ್ಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ (ವಿಕಿರಣವನ್ನು ಅಳೆಯುವ ಮಾನ) ಪ್ರಮಾಣದಂತೆ, ವಾರಕ್ಕೆ ಐದು ದಿನ, ಒಟ್ಟು 66ರಿಂದ 70 ಗ್ರೇ ವಿಕಿರಣ ಕೊಡುತ್ತಾರೆ. ನಿಮ್ಮ ಏಳು ವಾರದ ಲೆಕ್ಕ ಇದಕ್ಕೆ ಸರಿಹೊಂದುತ್ತದೆ. ಗೆಡ್ಡೆಯನ್ನು ಕೊಂದ ಆ ಕಿರಣಗಳು ಹಾದಿಯಲ್ಲಿ ಸಿಕ್ಕ ದವಡೆಯ ಎಲುಬಿನ ಸಣ್ಣ ರಕ್ತನಾಳಗಳನ್ನೂ ಕಿರಿದಾಗಿಸುತ್ತವೆ. ಕೆಳದವಡೆಗೆ ಮೊದಲೇ ಮೇಲ್ದವಡೆಯಷ್ಟು ರಕ್ತಪೂರೈಕೆ ಇಲ್ಲ. ದಿನನಿತ್ಯದ ಸವೆತವನ್ನು ಆ ಎಲುಬು ಹೇಗೋ ಸಂಭಾಳಿಸಿಕೊಂಡು ಹೋಗುತ್ತದೆ. ಆದರೆ ಹಲ್ಲು ಕಿತ್ತಾಗ ಉಂಟಾಗುವ ಗಾಯವನ್ನು ಮಾಯಿಸುವಷ್ಟು ಕಸುವು ಅದರಲ್ಲಿ ಉಳಿದಿಲ್ಲದಿರಬಹುದು. ಹೀಗೆಯೇ ಹಲ್ಲು ಕೀಳಿಸಿಕೊಂಡ ಒಬ್ಬರು ಮೂರು ತಿಂಗಳ ಮೇಲೆ ನನ್ನ ಬಳಿ ಬಂದಿದ್ದರು. ಟಾರ್ಚ್ ಹಿಡಿದು ನೋಡಿದರೆ ಹಲ್ಲಿದ್ದ ಜಾಗದಲ್ಲಿ ಒಸಡು ಕೂಡಿಕೊಂಡೇ ಇರಲಿಲ್ಲ. ಹುಣಸೆಬೀಜದಷ್ಟು ಅಗಲದಲ್ಲಿ ಹಳದಿ ಬಣ್ಣದ ಎಲುಬು ಹೊರಗೆ ಕಾಣುತ್ತಿತ್ತು, ಉಪಕರಣದ ತುದಿ ತಾಗಿದರೆ ಒಣಕಟ್ಟಿಗೆಯನ್ನು ತಟ್ಟಿದಂತೆ ಸದ್ದಾಗುತ್ತಿತ್ತು. ಸತ್ತ ಎಲುಬಿನ ಈ ತೊಂದರೆಯನ್ನು ಗುಣಪಡಿಸುವುದು ತಿಂಗಳುಗಟ್ಟಲೆಯ ಕೆಲಸ. ಕೆಲವರಲ್ಲಿ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಗುತ್ತದೆ. ಕಿರಣ ಪಡೆದು ಹತ್ತು ವರ್ಷ ಕಳೆದರೂ ಈ ಅಪಾಯ ಮುಗಿಯಿತೆಂದು ಹೇಳಲಾಗದು.

ಹಾಗೆಂದು ನೋವು ಸಹಿಸಿಕೊಂಡು ಕೂರಬೇಕಿಲ್ಲ. ನಿಮಗೆ ಚಿಕಿತ್ಸೆ ನೀಡಿದ ಆಸ್ಪತ್ರೆಯ ಕಿರಣ ವಿಭಾಗದಲ್ಲಿ ನಿಮಗೆ ಕಿರಣ ಕೊಟ್ಟ ಯೋಜನೆಯ ದಾಖಲೆ ಇರುತ್ತದೆ. ದವಡೆಯ ಯಾವ ಭಾಗಕ್ಕೆ ಎಷ್ಟು ಗ್ರೇ ಬಿದ್ದಿದೆ ಎಂಬುದನ್ನು ಅದರಿಂದ ತಿಳಿಯಬಹುದು. ಆ ಜಾಗಕ್ಕೆ 60 ಗ್ರೇಗಿಂತ ಹೆಚ್ಚು ಬಿದ್ದಿದ್ದರೆ ಅಪಾಯ ಹೆಚ್ಚು, 50ಕ್ಕಿಂತ ಕಡಿಮೆಯಿದ್ದರೆ ಅಷ್ಟಿಲ್ಲ. ಆ ವಿವರವನ್ನು ಬರೆಸಿಕೊಂಡು, ಡಿಸ್ಚಾರ್ಜ್ ಕಾರ್ಡನ್ನೂ ಇಟ್ಟುಕೊಂಡು, ಬಾಗಲಕೋಟೆಯಲ್ಲೋ ಬೆಳಗಾವಿಯಲ್ಲೋ ವಿಜಯಪುರದಲ್ಲೋ ಇರುವ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ ದವಡೆಯ ಶಸ್ತ್ರಚಿಕಿತ್ಸಕರನ್ನು ಕಾಣಿರಿ. ಬೇರಿನ ನರ ತೆಗೆದು ತುಂಬಿಸುವ ರೂಟ್ ಕೆನಾಲ್ ಸಾಧ್ಯವಾದರೆ ಅದೇ ಮೇಲು. ಹಲ್ಲಿನ ಮೇಲ್ಭಾಗ ಉಳಿಯುವಂತಿರದಿದ್ದರೆ ಅದನ್ನು ಒಸಡಿನ ಮಟ್ಟಕ್ಕೆ ಕತ್ತರಿಸಿ, ಬೇರನ್ನು ತುಂಬಿಸಿ, ಎಲುಬಿನಲ್ಲೇ ಬಿಟ್ಟುಬಿಡುವ ಕ್ರಮವೂ ಉಂಟು. ನೋಡಲು ಅಂದವಿಲ್ಲ, ಆದರೆ ಎಲುಬಿಗೆ ಗಾಯವಿಲ್ಲ. ಕೀಳಲೇಬೇಕೆಂದಾದರೆ ಎಲ್ಲವನ್ನೂ ಒಮ್ಮೆಗೇ ಕೀಳದೆ, ಎಲುಬಿಗೆ ಆದಷ್ಟು ಕಡಿಮೆ ಪೆಟ್ಟಾಗುವಂತೆ, ಆ್ಯಂಟಿಬಯಾಟಿಕ್ ಕೊಟ್ಟು ಕೀಳುತ್ತಾರೆ. ಗಾಯ ಪೂರ್ತಿ ಕೂಡಿಕೊಳ್ಳುವವರೆಗೆ ಮತ್ತೆ ಮತ್ತೆ ಕರೆದು ನೋಡುತ್ತಾರೆ. ದವಡೆಯ ನೋವಿನ ಹಿಂದೆ ಬೇರೇನೂ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿಸಲು ಅವರು ಹೇಳಿದರೆ ಗಾಬರಿಯಾಗದೆ ಮಾಡಿಸಿ.

ಹಲ್ಲುಗಳು ಬುಡದಲ್ಲಿ ಕಪ್ಪಾಗಲು ಕಾರಣ ನೀವೇ ಹೇಳಿದ ಒಣಬಾಯಿ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುತ್ತದೆ. ಅದು ಹಲ್ಲನ್ನು ತೊಳೆಯುತ್ತದೆ, ಹುಳಿಯನ್ನು ತಣಿಸುತ್ತದೆ, ಸವೆದ ಹಲ್ಲಿಗೆ ಖನಿಜವನ್ನು ಮರಳಿ ತುಂಬುತ್ತದೆ. ಕಿವಿಯ ಮುಂದಿನ ಮತ್ತು ದವಡೆಯ ಕೆಳಗಿನ ಜೊಲ್ಲುಗ್ರಂಥಿಗಳು ಕಿರಣದ ಹಾದಿಯಲ್ಲಿದ್ದರೆ ಈ ರಕ್ಷಣೆ ಕುಸಿಯುತ್ತದೆ. ಗಂಟಲೆಂದರೆ ಒಂದೇ ಜಾಗವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು: ಧ್ವನಿತಂತುವಿನಲ್ಲೇ ಆರಂಭದ ಹಂತದಲ್ಲಿ ಸಿಕ್ಕ ಕ್ಯಾನ್ಸರಿಗೆ ಕಿರಣ ಬೀಳುವ ಜಾಗ ಚಿಕ್ಕದು, ಅಂಥವರ ಜೊಲ್ಲಿಗೂ ಹಲ್ಲಿಗೂ ಇಷ್ಟು ತೊಂದರೆಯಾಗುವುದಿಲ್ಲ. ಆದ್ದರಿಂದ ‘ಅವರಿಗೆ ಏನೂ ಆಗಿಲ್ಲ, ನಿನಗ್ಯಾಕೆ’ ಎಂದು ಹೋಲಿಸುವವರ ಮಾತನ್ನು ಬಿಟ್ಟುಬಿಡಿ. ಜೊಲ್ಲು ಸುಧಾರಿಸುವುದಿದ್ದರೆ ಹೆಚ್ಚಾಗಿ ಮೊದಲ ಒಂದೆರಡು ವರ್ಷಗಳಲ್ಲಿ ಸುಧಾರಿಸುತ್ತದೆ. ನಾಲ್ಕು ವರ್ಷವಾದ ಮೇಲೆ ಅದು ತಾನಾಗಿ ಮರಳುವುದನ್ನು ಕಾಯುವುದಕ್ಕಿಂತ, ಇಲ್ಲದ್ದನ್ನು ಒಪ್ಪಿಕೊಂಡು ವ್ಯವಸ್ಥೆ ಮಾಡಿಕೊಳ್ಳುವುದು ಜಾಣತನ. ಗ್ರಂಥಿಯಲ್ಲಿ ಕಸುವು ಉಳಿದಿದ್ದರೆ ಪೈಲೋಕಾರ್ಪಿನ್ ಎಂಬ ಮಾತ್ರೆಯಿಂದ ಕೆಲವರಿಗೆ ಉಪಯೋಗವಾಗುತ್ತದೆ; ಬೆವರು ಹೆಚ್ಚುತ್ತದೆ, ಅಸ್ತಮಾ ಇರುವವರಿಗೆ ಮತ್ತು ಕೆಲವು ಬಗೆಯ ಕಣ್ಣಿನ ರೋಗದವರಿಗೆ ಅದು ಆಗುವುದಿಲ್ಲ, ಆದ್ದರಿಂದ ವೈದ್ಯರನ್ನು ಕೇಳಿಯೇ ನುಂಗಬೇಕು.

ನಿಮ್ಮ ಹಲ್ಲಿನ ಸಾಲಿನ ಅಳತೆ ತೆಗೆದು ಮಾಡುವ ಪ್ಲಾಸ್ಟಿಕ್ ತಟ್ಟೆಯಲ್ಲಿ ಫ್ಲೋರೈಡ್ ಜೆಲ್ ಹಾಕಿ, ರಾತ್ರಿ ಹಲ್ಲುಜ್ಜಿದ ಮೇಲೆ ಹತ್ತು ನಿಮಿಷ ಕಚ್ಚಿ ಹಿಡಿದು, ಉಗುಳಿ, ಅರ್ಧ ಗಂಟೆ ಏನನ್ನೂ ಕುಡಿಯದಿರುವುದನ್ನು ರೂಢಿ ಮಾಡಿಕೊಳ್ಳಿ. ಉಳಿದ ಹಲ್ಲುಗಳನ್ನು ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ, ಮತ್ತು ಇದು ಜೀವಮಾನದ ಕೆಲಸ. ನಮ್ಮ ಜಿಲ್ಲೆಗಳ ಕೆಲವು ಕೊಳವೆಬಾವಿಗಳ ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಿದೆಯಲ್ಲ, ಅದನ್ನೇ ಕುಡಿದರಾಗದೇ ಎಂದು ಕೇಳಿದವರಿದ್ದಾರೆ. ಆಗದು. ಹಲ್ಲಿನ ಮೇಲೆ ಹಚ್ಚಿದ್ದು ಹಲ್ಲನ್ನು ಕಾಯುತ್ತದೆ. ವರ್ಷಗಟ್ಟಲೆ ಹೊಟ್ಟೆಗೆ ಹೋದದ್ದು ಎಲುಬನ್ನು ಕೆಡಿಸುತ್ತದೆ. ಹಾಗೆಯೇ ಜೊಲ್ಲು ಬರಲೆಂದು ಇಂಡಿ ತಾಲ್ಲೂಕಿನ ಲಿಂಬೆಹಣ್ಣಿನ ಹೋಳನ್ನು ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ಜೊಲ್ಲಿಲ್ಲದ ಬಾಯಲ್ಲಿ ಆ ಹುಳಿ ನೇರವಾಗಿ ಹಲ್ಲನ್ನೇ ತಿನ್ನುತ್ತದೆ. ಅಂಟುವ ಕರದಂಟು, ಪೆಪ್ಪರ್‌ಮಿಂಟು ಕೂಡ ಹಾಗೆಯೇ. ಚೀಪಲೇಬೇಕೆನಿಸಿದರೆ ಸಕ್ಕರೆಯಿಲ್ಲದ ಗೋಲಿ ಅಥವಾ ಚೂಯಿಂಗ್ ಗಮ್ ಇರಲಿ. ಲೋಟ ಉಗುರುಬೆಚ್ಚನೆಯ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಅದು ಇನ್ನಷ್ಟು ಒಣಗಿಸುತ್ತದೆ.

ರೊಟ್ಟಿಯ ವಿಷಯ ನಮ್ಮ ಭಾಗದವರಿಗೆ ಸಣ್ಣದಲ್ಲ. ಕಟಕ ರೊಟ್ಟಿ ಈಗ ನಿಮಗೆ ಸಲ್ಲದು. ಅದರ ಚೂರು ಒಣಗಿದ ಒಳಗೆನ್ನೆಯನ್ನು ಕೀರುತ್ತದೆ. ಹೆಂಚಿನಿಂದ ಇಳಿದ ಮೆತ್ತನೆಯ ಬಿಸಿ ರೊಟ್ಟಿಯನ್ನು ಮುರಿದು, ಹೆಸರುಬೇಳೆಯ ತೆಳ್ಳನೆಯ ಸಾರಿನಲ್ಲಿ ನೆನೆಹಾಕಿ, ಬೆಣ್ಣೆ ಕೂಡಿಸಿ, ಒಂದು ತುತ್ತಿಗೆ ಒಂದು ಗುಟುಕು ನೀರಿನಂತೆ ಉಂಡರೆ ಇಳಿಯುತ್ತದೆ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಂಡರೆ ಇನ್ನೂ ಸಲೀಸು. ರಂಜಕ ಉರಿಯುತ್ತದೆ, ಶೇಂಗಾ ಹಿಂಡಿ ಅಂಗುಳಕ್ಕೆ ಅಂಟುತ್ತದೆ. ಹಿಂಡಿ ಬೇಕೇಬೇಕೆಂದರೆ ಮೊಸರಿನಲ್ಲಿ ಕಲಸಿಕೊಳ್ಳಿ. ಪಂಗತಿಯಲ್ಲಿ ಕುಳಿತಾಗ ಎಲ್ಲರೂ ಎದ್ದ ಮೇಲೂ ನಿಮ್ಮ ಊಟ ಮುಗಿದಿರುವುದಿಲ್ಲ. ನಾಚಿಕೊಂಡು ಅರ್ಧಕ್ಕೇ ಏಳಬೇಡಿ.

ಇನ್ನು ಸುಸ್ತು, ಚಳಿ, ಮಲಬದ್ಧತೆ. ಈ ಮೂರೂ ಒಟ್ಟಿಗೆ ಬಂದಿರುವುದರಿಂದ ನನ್ನ ಅನುಮಾನ ಥೈರಾಯ್ಡ್ ಮೇಲೆ. ಆ ಗ್ರಂಥಿ ಕುತ್ತಿಗೆಯ ಮುಂಭಾಗದಲ್ಲೇ ಇರುವುದರಿಂದ ಕಿರಣದಿಂದ ತಪ್ಪಿಸಿಕೊಳ್ಳುವುದು ಕಷ್ಟ, ಮತ್ತು ಅದು ಮಂದವಾಗುವುದು ತಿಂಗಳು, ವರ್ಷಗಳ ನಂತರ. ಕುತ್ತಿಗೆಗೆ ಕಿರಣ ಪಡೆದವರೆಲ್ಲರೂ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು. ನಾಳೆ ಬೆಳಿಗ್ಗೆಯೇ ಮಾಡಿಸಿ, ಬಹಳ ಖರ್ಚಿನದಲ್ಲ. ಕೊರತೆಯಿದ್ದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಮಾತ್ರೆ ಸಾಕು. ಮನೆಯವರು ಗದರಿದ ಆ ‘ಚಿಂತಿ’ ಎಷ್ಟು ಮನಸ್ಸಿನದು, ಎಷ್ಟು ಗ್ರಂಥಿಯದು ಎಂಬುದೂ ಆಗ ಗೊತ್ತಾಗುತ್ತದೆ.

ಪ್ರಶ್ನೆ: ವಿಜಯಪುರದಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರಿಗೆ ಗಂಟಲಿಗೆ ಕರೆಂಟ್ ಕೊಟ್ಟು ಮೂರು ತಿಂಗಳಾಯಿತು. ತಲೆ ಬಗ್ಗಿಸಿದರೆ ಬೆನ್ನುಹುರಿಯಗುಂಟ ಕೈಕಾಲಿನವರೆಗೆ ಶಾಕ್ ಹೊಡೆದಂತಾಗುತ್ತದೆ ಎನ್ನುತ್ತಾರೆ. ಕೊಟ್ಟ ಕರೆಂಟ್ ಮೈಯಲ್ಲಿ ಉಳಿದಿದೆಯೇ? ಮೊಮ್ಮಗನನ್ನು ಎತ್ತಿಕೊಳ್ಳಲು ಹೆದರುತ್ತಾರೆ.

ಉತ್ತರ: ಈ ಚಿಕಿತ್ಸೆಗೆ ‘ಕರೆಂಟ್’ ಎಂದು ಯಾರು ಹೆಸರಿಟ್ಟರೋ, ಅದು ಸಾಕಷ್ಟು ಭಯ ಹುಟ್ಟಿಸಿದೆ. ಇದು ವಿದ್ಯುತ್ತಲ್ಲ. ಹೊರಗಿನ ಯಂತ್ರದಿಂದ ಬಂದ ಕಿರಣ ಯಂತ್ರ ನಿಂತ ಕ್ಷಣಕ್ಕೆ ಮುಗಿಯಿತು. ಮೈಯಲ್ಲಿ ಏನೂ ಉಳಿಯುವುದಿಲ್ಲ. ಮೊಮ್ಮಗನನ್ನು ಧಾರಾಳವಾಗಿ ಎತ್ತಿಕೊಳ್ಳಲಿ. ಶಾಕ್ ಹೊಡೆದಂತಾಗಲು ಬೇರೆ ಕಾರಣವಿದೆ: ಕುತ್ತಿಗೆಯಲ್ಲಿನ ಬೆನ್ನುಹುರಿಯ ನರತಂತುಗಳ ಮೇಲಿನ ಹೊದಿಕೆ ಕಿರಣದಿಂದ ತಾತ್ಕಾಲಿಕವಾಗಿ ತೆಳುವಾಗಿರುತ್ತದೆ. ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಕಾಣಿಸಿಕೊಂಡು, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ. ಮುಂದಿನ ತಪಾಸಣೆಯಲ್ಲಿ ಹೇಳಿ. ಕೈಕಾಲಿನ ಶಕ್ತಿ ಕುಂದಿದರೆ, ನಡೆಯುವಾಗ ಎಡವಿದರೆ, ಮೂತ್ರ ಕಟ್ಟಿದರೆ ಮಾತ್ರ ತಪಾಸಣೆಯ ದಿನವನ್ನು ಕಾಯದೆ ಅಂದೇ ಹೋಗಿ.

ಪ್ರಶ್ನೆ: ಬೆಳಗಾವಿಯಲ್ಲಿ ನಮ್ಮೊಡನಿರುವ ಮಾವನವರಿಗೆ 66 ವರ್ಷ, ಏಳು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರಿಗೆ ಕಿರಣ ಕೊಡಿಸಿದ್ದೆವು. ಇಷ್ಟು ವರ್ಷ ಚೆನ್ನಾಗಿಯೇ ಉಣ್ಣುತ್ತಿದ್ದವರು ಈಗ ಚಹಾ ಕುಡಿದರೆ ಕೆಮ್ಮುತ್ತಾರೆ. ಈ ಮಳೆಗಾಲದಲ್ಲಿ ಎರಡು ಸಲ ನ್ಯುಮೋನಿಯಾ ಆಯಿತು. ಥಂಡಿಯೆಂದು ಎಲ್ಲರೂ ಹೇಳುತ್ತಾರೆ. ಹೌದೇ?

ಉತ್ತರ: ಬೆಳಗಾವಿಯ ಮಳೆಯ ಮೇಲೆ ತಪ್ಪು ಹೊರಿಸುವುದು ಸುಲಭ; ನನಗೆ ಚಹಾದ ಮೇಲೆಯೇ ಅನುಮಾನ. ಕಿರಣ ಬಿದ್ದ ಗಂಟಲಿನ ಸ್ನಾಯುಗಳು ವರ್ಷಗಳು ಕಳೆದಂತೆ ನಾರುಗಟ್ಟಿ ಬಿಗಿಯಾಗುತ್ತವೆ, ಅವನ್ನು ನಡೆಸುವ ನರಗಳೂ ಸೋಲಬಹುದು. ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರಿ ಶ್ವಾಸನಾಳವನ್ನು ಮುಚ್ಚಬೇಕು. ಅದು ಅರ್ಧಕ್ಕೇ ನಿಂತರೆ, ಎಲ್ಲಕ್ಕಿಂತ ಬೇಗ ಹರಿಯುವ ನೀರು, ಚಹಾ ಮೊದಲು ಶ್ವಾಸಕೋಶದ ಹಾದಿ ಹಿಡಿಯುತ್ತವೆ. ಕೆಲವರಿಗೆ ಆ ಜಾಗದ ಸಂವೇದನೆಯೇ ಹೋಗಿ ಕೆಮ್ಮೂ ಬರುವುದಿಲ್ಲ. ಮಾವನವರು ಕೆಮ್ಮುತ್ತಿರುವುದು ಆ ಮಟ್ಟಿಗೆ ಒಳ್ಳೆಯದೇ.

ಇದನ್ನು ಊಹೆಯ ಮೇಲೆ ಬಿಡಬಾರದು. ಬೇರಿಯಂ ಕುಡಿಸಿ ನುಂಗುವುದನ್ನು ಎಕ್ಸ್‌ರೇ ಚಲನಚಿತ್ರವಾಗಿ ತೆಗೆಯುವ ಅಥವಾ ಮೂಗಿನ ಮೂಲಕ ದುರ್ಬೀನು ಇಳಿಸಿ ನೋಡುವ ಪರೀಕ್ಷೆ ಮಾಡಿಸಿ. ಈ ಪರೀಕ್ಷೆಗಳಿಂದ ರೋಗ ಮರಳಿದೆಯೇ, ಅನ್ನನಾಳ ಕಿರಿದಾಗಿದೆಯೇ ಎಂಬುದರ ಸುಳಿವೂ ಸಿಗುತ್ತದೆ, ಕಿರಿದಾಗಿದ್ದರೆ ಹಿಗ್ಗಿಸಬಹುದು. ನುಂಗುವ ವ್ಯಾಯಾಮ ಕಲಿಸುವವರು ವಾಕ್ ಮತ್ತು ಶ್ರವಣ ತಜ್ಞರು. ಗದ್ದವನ್ನು ಎದೆಗೆ ತಾಗಿಸಿ ನುಂಗುವ ಉಪಾಯವನ್ನು ನೀವು ಎಲ್ಲೋ ಓದಿರಬಹುದು, ಆದರೆ ಅದು ಕೆಲವರಿಗೆ ಅನುಕೂಲ, ಕೆಲವರಿಗೆ ಇನ್ನಷ್ಟು ತೊಂದರೆ. ಪರೀಕ್ಷೆ ನೋಡಿ ಅವರು ಹೇಳಿದ ಮೇಲೆಯೇ ಮಾಡಿಸಿ.

ಅಲ್ಲಿಯವರೆಗೆ ಅವರು ನೆಟ್ಟಗೆ ಕುಳಿತೇ ಉಣ್ಣಲಿ, ಉಂಡ ಮೇಲೆ ಅರ್ಧ ಗಂಟೆ ಮಲಗದಿರಲಿ. ಉಣ್ಣುವಾಗ ಟಿವಿಯೂ ಬೇಡ, ನಿಮ್ಮ ಪ್ರಶ್ನೆಗಳೂ ಬೇಡ. ಚಹಾವನ್ನು ಬಸಿಯಲ್ಲಿ ಸುರಿದು ಸೊರ್ರೆಂದು ಎಳೆಯುವ ರೂಢಿಯಿದ್ದರೆ ಅದನ್ನು ಬಿಡಿಸಿ: ಉಸಿರೆಳೆಯುವುದೂ ನುಂಗುವುದೂ ಒಟ್ಟಿಗೆ ನಡೆಯುವುದರಿಂದ ಅಪಾಯ ಹೆಚ್ಚು. ಆರಿದ ಚಹಾವನ್ನು ಚಮಚದಲ್ಲಿ ಒಂದೊಂದೇ ಗುಟುಕು ಕೊಡಿ. ಊಟದ ಮೊದಲೂ ನಂತರವೂ ಬಾಯಿ ತೊಳೆಸಿ. ಒಳಗೆ ಜಾರಿದ ಹನಿಯ ಜೊತೆ ಕೊಳಕು ಬಾಯಿಯ ಕ್ರಿಮಿಗಳೂ ಹೋದಾಗಲೇ ನ್ಯುಮೋನಿಯಾ ಕೆರಳುತ್ತದೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ, ಪರೀಕ್ಷೆಗೆ ಹೋಗುವಾಗ ಆ ಚೀಟಿಯನ್ನೂ ಎರಡೂ ಸಲದ ಎದೆಯ ಎಕ್ಸ್‌ರೇಗಳನ್ನೂ ತೆಗೆದುಕೊಂಡು ಹೋಗಿ.