ಪಿಆರ್ ಅರ್ಜಿಗೆ ಮುನ್ನ ಪಾಸ್‌ಪೋರ್ಟ್

ಪ್ರಶ್ನೆ: ಸೇನೆಯಲ್ಲಿ ಹತ್ತು ವರ್ಷ ಅಧಿಕಾರಿಯಾಗಿದ್ದು ಊರಿಗೆ ಮರಳಿದ್ದೇನೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ (ನುರಿತ ಕೆಲಸಗಾರರ ವಲಸೆ ವ್ಯವಸ್ಥೆ) ಅಡಿ ಪಿಆರ್, ಅಂದರೆ ಕಾಯಂ ವಾಸದ ಅರ್ಜಿ ಸಲ್ಲಿಸಲು ನನಗೆ ಆಹ್ವಾನ ಬಂದಿದೆ. ನನ್ನ ಪಾಸ್‌ಪೋರ್ಟಿನ ಅವಧಿ ಇನ್ನು ಎಂಟೇ ತಿಂಗಳು. ಸರ್ಕಾರಿ ಕೆಲಸದ ಮೇಲೆ ವಿದೇಶಕ್ಕೆ ಹೋದಾಗ ಸಿಕ್ಕಿದ ಬಿಳಿ ಪಾಸ್‌ಪೋರ್ಟ್ ಕೂಡ ಬಳಿಯಲ್ಲಿದೆ, ಅದು ನಡೆಯುತ್ತದೆಯೇ? ಪತ್ನಿಯ ಪಾಸ್‌ಪೋರ್ಟಿನಲ್ಲಿ ತವರಿನ ಮನೆ ಹೆಸರಿದೆ, ಆಧಾರ್‌ನಲ್ಲಿ ನಮ್ಮ ಮನೆ ಹೆಸರಿದೆ. ನಾಲ್ಕು ವರ್ಷದ ಮಗಳಿದ್ದಾಳೆ.
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಬಿಳಿ ಪಾಸ್‌ಪೋರ್ಟ್ ನಡೆಯುವುದಿಲ್ಲ. ಸರ್ಕಾರಿ ಕೆಲಸಕ್ಕೆಂದು ಕೊಟ್ಟ ಪಾಸ್‌ಪೋರ್ಟಿನ ಮೇಲೆ ವಲಸೆ ಬರಲು ಕೆನಡಾ ಬಿಡುವುದಿಲ್ಲ. ಸೇವೆ ಮುಗಿದ ಮೇಲೆ ಅದನ್ನು ಇಲಾಖೆಗೆ ಒಪ್ಪಿಸಿ ರಸೀದಿ ಪಡೆದಿಟ್ಟುಕೊಳ್ಳಿ.

ನನಗೆ ಹೆಚ್ಚು ಕಳವಳವಾಗುವುದು ಆ ಎಂಟು ತಿಂಗಳ ವಿಷಯದಲ್ಲಿ. ಅರ್ಜಿ ಸಲ್ಲಿಸುವ ದಿನ ಪಾಸ್‌ಪೋರ್ಟ್ ಜೀವಂತವಾಗಿದ್ದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಆದರೆ ಕೊನೆಗೆ ಬರುವ ಪಿಆರ್ ದೃಢೀಕರಣ ಪತ್ರದ ಅವಧಿಯನ್ನು ಪಾಸ್‌ಪೋರ್ಟ್ ಮತ್ತು ವೈದ್ಯಕೀಯ ತಪಾಸಣೆ ಇವೆರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅದಕ್ಕೆ ತಕ್ಕಂತೆ ನಿಗದಿಮಾಡುತ್ತಾರೆ. ತಪಾಸಣೆ ಸಾಮಾನ್ಯವಾಗಿ 12 ತಿಂಗಳು ಸಲ್ಲುತ್ತದೆ. ಆ ಪತ್ರದ ಅವಧಿಯನ್ನು ವಿಸ್ತರಿಸುವುದಿಲ್ಲ, ಅಷ್ಟರೊಳಗೆ ಕೆನಡಾ ತಲುಪದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ನಮ್ಮಲ್ಲಿ ಅವಧಿ ಮುಗಿಯಲು ಒಂದು ವರ್ಷವಿರುವಾಗಲೇ ಮರುವಿತರಣೆಗೆ ಅರ್ಜಿ ಹಾಕಬಹುದು. ಆಹ್ವಾನ ಬಂದ ಮೇಲೆ ನಿಮಗಿರುವುದು 60 ದಿನ; ಆದ್ದರಿಂದ ಮೈಸೂರಿನ ಪಾಸ್‌ಪೋರ್ಟ್ ಕೇಂದ್ರದಲ್ಲಿ ಇಂದೇ ಸಮಯ ಕಾದಿರಿಸಿ, ತತ್ಕಾಲ್‌ನಲ್ಲಿ ಹೊಸ ಪಾಸ್‌ಪೋರ್ಟ್ ಪಡೆದು ಆ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬಿ. ಅದು ತಡವಾದರೆ ಹಳೆಯದರಲ್ಲೇ ಅರ್ಜಿ ಸಲ್ಲಿಸಿ, ಹೊಸದು ಕೈಸೇರಿದ ಕೂಡಲೇ ಕೆನಡಾದ ವಲಸೆ ಇಲಾಖೆಯ ಆನ್‌ಲೈನ್ ನಮೂನೆಯ ಮೂಲಕ ತಿಳಿಸಿ.

ಹೆಸರಿನ ಗೊಂದಲ ಕೊಡಗಿನಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ, ಏಕೆಂದರೆ ನಮ್ಮಲ್ಲಿ ಮನೆ ಹೆಸರು ಮೊದಲು ಬರುತ್ತದೆ, ಅದೂ ಅಂಕಪಟ್ಟಿಯಲ್ಲಿ ಬರೀ ಒಂದಕ್ಷರವಾಗಿ. ವಲಸೆ ಅರ್ಜಿಗೆ ಪಾಸ್‌ಪೋರ್ಟಿನಲ್ಲಿ ಅಚ್ಚಾದ ಹೆಸರೇ ಪ್ರಮಾಣ. ಮದುವೆಯಾದ ಹೆಣ್ಣುಮಗಳು ಪಾಸ್‌ಪೋರ್ಟಿನ ಹೆಸರು ಬದಲಿಸಲೇಬೇಕೆಂಬ ನಿಯಮವಿಲ್ಲ. ನಿಮ್ಮ ಪತ್ನಿ ತವರಿನ ಹೆಸರಿನಲ್ಲೇ ಅರ್ಜಿ ತುಂಬಿ, ಈಗಿನ ಮನೆ ಹೆಸರನ್ನು 'ಬಳಸಿದ ಇತರ ಹೆಸರುಗಳು' ಎಂಬಲ್ಲಿ ಬರೆದು, ಎರಡನ್ನೂ ಜೋಡಿಸುವ ವಿವಾಹ ನೋಂದಣಿ ಪತ್ರವನ್ನು ಲಗತ್ತಿಸಲಿ. ಪಾಸ್‌ಪೋರ್ಟಿನ ಉಪನಾಮದ ಜಾಗ ಖಾಲಿಯಿದ್ದವರು ಮಾತ್ರ ಇಡೀ ಹೆಸರನ್ನು ಕುಟುಂಬದ ಹೆಸರಿನ ಅಂಕಣದಲ್ಲಿ ಬರೆದು, ಸ್ವಂತ ಹೆಸರಿನ ಅಂಕಣವನ್ನು ಖಾಲಿ ಬಿಡಬೇಕು.

ಮಗಳಿಗೆ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು. ಅವಳ ವಯಸ್ಸಿಗೆ ಅದು ಐದು ವರ್ಷಕ್ಕಷ್ಟೇ ಸಿಗುತ್ತದೆ.

ಇನ್ನೊಂದು ಮಾತು. ಕೊಡಗಿನ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಕಬ್ಬಿಣದ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಪತ್ನಿಯ ಪಾಸ್‌ಪೋರ್ಟನ್ನು ಹೊರತೆಗೆದು, ಫೋಟೋ ಇರುವ ಪುಟದ ಪ್ಲಾಸ್ಟಿಕ್ ಪದರ ಎದ್ದಿದೆಯೇ, ಕೆಳಗಿನ ಎರಡು ಸಾಲುಗಳ ಅಕ್ಷರ ಮಾಸಿದೆಯೇ ಎಂದು ಬೆಳಕಿನಲ್ಲಿ ನೋಡಿ. ಹಾಗಾಗಿದ್ದರೆ ನಿಮ್ಮದರ ಜೊತೆಗೆ ಅದನ್ನೂ ಮರುವಿತರಣೆಗೆ ಕೊಡಿ.