ಕ್ಯಾಟಲಿಟಿಕ್ ಸೌದೆ ಒಲೆಯಲ್ಲಿ ಬೈಪಾಸ್ ಮುಚ್ಚಿದ ಮೇಲೆ ಮಾಪಕದ ಮುಳ್ಳು ಇಳಿಯುವುದೇಕೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಮಿನ್ನೆಸೋಟದಲ್ಲಿ ನೀವು ಕೊಂಡ ಮನೆಯ ಜೊತೆಗೆ ಒಂದು ಕ್ಯಾಟಲಿಟಿಕ್ ಸೌದೆ ಒಲೆಯೂ ಬಂದಿದೆ, ಹೊಗೆಯನ್ನು ಸುಡುವ ಬಿಲ್ಲೆಯ, ಅಂದರೆ ಕ್ಯಾಟಲಿಸ್ಟಿನ, ಮಾಪಕ 500 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದೊಡನೆ ಬೈಪಾಸ್ (ಹೊಗೆಯನ್ನು ಬಿಲ್ಲೆಗೆ ತಾಗಿಸದೆ ನೇರ ಚಿಮಣಿಗೆ ಬಿಡುವ ಕದ) ಮುಚ್ಚುತ್ತೀರಿ, ಆದರೆ ಮುಳ್ಳು ಏರುವ ಬದಲು ಅರ್ಧ ಗಂಟೆಯಲ್ಲಿ 350ಕ್ಕೆ ಇಳಿದು, ಚಿಮಣಿಯಿಂದ ದಟ್ಟ ಹೊಗೆ ಬರುತ್ತದೆ, ಅಂಗಡಿಯವರು ಕ್ಯಾಟಲಿಸ್ಟನ್ನೇ ಬದಲಿಸಿ ಎನ್ನುತ್ತಿದ್ದಾರೆ. ನಾನು ವರ್ಮಾಂಟಿನಲ್ಲಿ ಒಂಬತ್ತು ಚಳಿಗಾಲಗಳನ್ನು ಇಂಥದೇ ಒಲೆಯ ಮುಂದೆ ಕಳೆದವನು. ಹಣ ಬಿಚ್ಚುವ ಮೊದಲು ಸೌದೆಯನ್ನು ಪರೀಕ್ಷಿಸಿ ಎಂಬುದೇ ನನ್ನ ಸಲಹೆ.

ಸೌದೆಯ ಹೊಗೆ ತಾನಾಗಿ ಹೊತ್ತಿಕೊಳ್ಳಬೇಕಾದರೆ 1,000 ಡಿಗ್ರಿಯನ್ನೂ ಮೀರಿದ ಶಾಖ ಬೇಕು. ಜೇನುಗೂಡಿನಂತೆ ರಂಧ್ರಗಳಿರುವ ಸೆರಾಮಿಕ್ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಬಿಲ್ಲೆಗೆ ಪಲ್ಲೇಡಿಯಂ, ಪ್ಲಾಟಿನಂಗಳ ತೆಳುವಾದ ಲೇಪ ಕೊಟ್ಟಾಗ, ಅದೇ ಹೊಗೆ ಅದರ ಮೂಲಕ ಹಾಯುವಾಗ 500ರ, ಅಂದರೆ 260 ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಉರಿಯತೊಡಗುತ್ತದೆ. ಹಾಗಾಗಿ ಕ್ಯಾಟಲಿಸ್ಟಿಗೆ ಹೊಗೆಯೇ ಸೌದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಳ್ಳಿನ ಅರ್ಧ ಒಗಟು ಬಿಡುತ್ತದೆ: ಒಳಗೆ ಜ್ವಾಲೆಯೇ ಕಾಣದೆ ಸೌದೆ ಕುಮುಲುತ್ತಿರುವಾಗ ಮುಳ್ಳು 1,000 ದಾಟಬಹುದು, ಎಲ್ಲ ಸುಟ್ಟು ಬರೀ ಕೆಂಡ ಉಳಿದಾಗ ಹೊಗೆಯಿಲ್ಲದ ಕಾರಣ ಅದು ತಾನಾಗಿ ಕೆಳಗಿಳಿಯುತ್ತದೆ, ಮತ್ತು ಅದು ದೋಷವಲ್ಲ. ಬಿಲ್ಲೆ ಕೆಂಪಗೆ ಹೊಳೆಯದಿದ್ದರೆ ಕೆಲಸ ಮಾಡುತ್ತಿಲ್ಲವೆಂದು ಭಾವಿಸುವುದೂ ತಪ್ಪು. 700, 800 ಡಿಗ್ರಿಯಲ್ಲಿ ಅದು ಹೊಳಪಿಲ್ಲದೆಯೇ ಹೊಗೆಯನ್ನು ಸುಡುತ್ತಿರುತ್ತದೆ. ನಿಮ್ಮ ಮುಳ್ಳು ಇಳಿಯುತ್ತಿರುವುದು ಮಾತ್ರ ಹೊಗೆ ಹೇರಳವಾಗಿರುವ ಹೊತ್ತಿನಲ್ಲಿ. ಆದ್ದರಿಂದ ಅದನ್ನು ಕಡೆಗಣಿಸುವಂತಿಲ್ಲ.

ಇದಕ್ಕೆ ಮೊದಲ ಕಾರಣ ನೀರು. ಸೌದೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ಹೊರಮೈಗೆ ತೇವದ ಮಾಪಕ ಚುಚ್ಚಿ ನೋಡಿದರೆ ಸಾಲದು. ತುಂಡನ್ನು ಹೊಸದಾಗಿ ಸೀಳಿ, ಒಳಮೈಯಲ್ಲಿ ನಾರಿನ ಉದ್ದಕ್ಕೆ ಚುಚ್ಚಿ ನೋಡಬೇಕು. ಒಣಗಿದೆ ಎಂದು ಮಾರುವ ಓಕ್ ಹೆಚ್ಚಾಗಿ ಒಣಗಿರುವುದಿಲ್ಲ. ಓಕ್‌ಗೆ ಸೀಳಿ ಪೇರಿಸಿದ ಮೇಲೂ ಎರಡು ಬೇಸಿಗೆಗಳಾದರೂ ಬೇಕು. ಮಲೆನಾಡಿನಲ್ಲಿ ಮಳೆಗಾಲದ ಬಚ್ಚಲೊಲೆಗೆ ಸೌದೆ ಒಟ್ಟಿದವರಿಗೆ ಗುರುತು ಗೊತ್ತಿರುತ್ತದೆ: ಹಸಿ ಸೌದೆ ಬುಸುಗುಟ್ಟುತ್ತದೆ, ಕಡಿದ ತುದಿಯಲ್ಲಿ ನೊರೆ ಉಕ್ಕುತ್ತದೆ. ಆ ನೀರು ಆವಿಯಾಗುವುದಕ್ಕೇ ಬೆಂಕಿಯ ಶಾಖ ಸಾಕಷ್ಟು ಖರ್ಚಾಗಿ, ತಣ್ಣಗಿನ ತೇವದ ಹೊಗೆ ಬಿಲ್ಲೆಗೆ ಬಡಿಯುತ್ತದೆ. ಬಿಸಿಯಾದ ಸೆರಾಮಿಕ್ ಬಿಲ್ಲೆ ಇದರಿಂದಲೇ ಬಿರುಕು ಬಿಡುವುದೂ ಉಂಟು.

ಎರಡನೆಯ ಚಳಿಗಾಲದಲ್ಲಿ ನನಗೂ ಇದೇ ತೊಂದರೆಯಾದಾಗ, ಹತ್ತು ನಿಮಿಷಕ್ಕೊಮ್ಮೆ ಮುಳ್ಳಿನ ಅಂಕಿಯನ್ನು ಹಳೆಯ ಲಕೋಟೆಯ ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ಅಂಗಳದ ಓಕ್ ಹಾಕಿದ ರಾತ್ರಿ 520, 480, 430, 380. ಮರುದಿನ ಕಿರಾಣಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿ ಮಾರುವ, ಗೂಡಿನಲ್ಲಿ ಒಣಗಿಸಿದ ಸೌದೆಯ ನಾಲ್ಕು ಕಟ್ಟು ತಂದು ಹಾಕಿದೆ: 530, 640, 850, 1,040. ಒಲೆ ಅದೇ, ಬಿಲ್ಲೆ ಅದೇ, ಕೈಯೂ ಅದೇ. ನೀವು ಮೊದಲು ಈ ಪರೀಕ್ಷೆಯನ್ನೇ ಮಾಡಿ.

ಎರಡನೆಯ ಕಾರಣ ಅವಸರ. ಮಾಪಕ 500 ತೋರಿಸಿತೆಂದರೆ ಬಿಲ್ಲೆ ಕಾದಿದೆ ಎಂದಷ್ಟೇ ಅರ್ಥ; ಸೌದೆ ಸಿದ್ಧವಾಗಿದೆ ಎಂದಲ್ಲ. ಹೊಸದಾಗಿ ತುಂಬಿದ ಸೌದೆಯ ಮೈಯೆಲ್ಲ ಕರಕಾಗಿ ಜ್ವಾಲೆ ನೆಲೆ ನಿಲ್ಲುವವರೆಗೆ, ಹದಿನೈದಿಪ್ಪತ್ತು ನಿಮಿಷ ಗಾಳಿಯನ್ನು ಧಾರಾಳವಾಗಿ ಬಿಟ್ಟು ಬೈಪಾಸ್ ತೆರೆದಿಟ್ಟು ಉರಿಸಿ. ಆಮೇಲೆ ಬೈಪಾಸ್ ಮುಚ್ಚಿ, ಮುಳ್ಳು ಏರತೊಡಗಿದ ಮೇಲೆ ಗಾಳಿಯನ್ನು ಎರಡು ಮೂರು ಹಂತಗಳಲ್ಲಿ ತಗ್ಗಿಸಿ. ಒಂದೇ ಏಟಿಗೆ ತಗ್ಗಿಸಿದರೆ ಬೆಂಕಿ ಉಸಿರುಗಟ್ಟುತ್ತದೆ.

ಮಾಪಕವನ್ನೂ ಪೂರ್ತಿ ನಂಬಬೇಡಿ. ಸುರುಳಿಯ ಮಾಪಕಗಳು ವರ್ಷಗಳು ಕಳೆದಂತೆ ತಪ್ಪು ತೋರಿಸತೊಡಗುತ್ತವೆ. ಒಲೆ ತಣ್ಣಗಿರುವಾಗ ಅದನ್ನು ಹೊರತೆಗೆದು ಒರೆಸಿ, ಅಡುಗೆಮನೆಯ ಓವನ್ನಿನಲ್ಲಿ 450ಕ್ಕೆ ಇಟ್ಟು ಎಷ್ಟು ತೋರಿಸುತ್ತದೆಂದು ನೋಡಬಹುದು. ಅದಕ್ಕಿಂತ ಮುಖ್ಯವಾಗಿ, ಹೊರಗೆ ಹೋಗಿ ಚಿಮಣಿಯನ್ನು ನೋಡಿ. ಬಿಳಿ ಆವಿ ಕೆಲವು ಅಡಿಗಳಲ್ಲೇ ಗಾಳಿಯಲ್ಲಿ ಕರಗಿಹೋಗುತ್ತದೆ. ನೀಲಿ ಅಥವಾ ಬೂದು ಬಣ್ಣದ್ದು ಚದುರದೆ ಎಳೆದುಕೊಂಡು ಸಾಗಿದರೆ ಅದು ಸುಡದ ಹೊಗೆ. ಅದೇ ಹೊಗೆ ಕೊಳವೆಯೊಳಗೆ ಡಾಂಬರಿನಂಥ ಕ್ರಿಯೊಸೋಟ್ ಆಗಿ ಅಂಟಿ, ಮುಂದೆ ಚಿಮಣಿಗೇ ಬೆಂಕಿ ಹತ್ತಿಸಬಲ್ಲದು. ಇಷ್ಟು ದಿನ ಹೀಗೆ ಉರಿಸಿದ್ದರೆ ಈಗಲೇ ಚಿಮಣಿ ಗುಡಿಸುವವರನ್ನು ಕರೆಸಿ. ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆಯ ಗಂಟೆ ಇಲ್ಲದಿದ್ದರೆ ಅದನ್ನೂ ಇವತ್ತೇ ತನ್ನಿ.

ಒಣ ಸೌದೆಯಲ್ಲೂ ಮುಳ್ಳು ಏರದಿದ್ದರೆ ಮಾತ್ರ ಬಿಲ್ಲೆಯ ಕಡೆ ತಿರುಗಿ. ಒಂದಿಡೀ ದಿನ ಒಲೆ ಆರಿಸಿ, ಟಾರ್ಚ್ ಹಿಡಿದು ನೋಡಿ. ರಂಧ್ರಗಳಲ್ಲಿ ಹಾರುಬೂದಿ ಕಟ್ಟಿಕೊಂಡಿದ್ದರೆ ಮೃದುವಾದ ಬಣ್ಣದ ಬ್ರಷ್ಷಿನಿಂದ ಸವರಿ ತೆಗೆಯಿರಿ. ಲೇಪ ಕಿತ್ತುಬರುವುದರಿಂದ ತಂತಿಯ ಬ್ರಷ್ ಕೂಡದು. ಕೂದಲೆಳೆಯ ಬಿರುಕಿಗೆ ಗಾಬರಿಪಡಬೇಕಿಲ್ಲ, ತುಂಡುಗಳೇ ಉದುರುತ್ತಿದ್ದರೆ ಬದಲಿಸಬೇಕು. ಬೈಪಾಸಿನ ಅಂಚಿನ ಗ್ಯಾಸ್ಕೆಟ್ (ಸಂದಿಯಲ್ಲಿ ಹೊಗೆ ಸೋರದಂತೆ ತಡೆಯುವ ಪಟ್ಟಿ) ಸವೆದಿದ್ದರೂ ಹೊಗೆ ಬಿಲ್ಲೆಯನ್ನು ಹಾಯದೆ ಪಕ್ಕದಿಂದ ನುಸುಳುತ್ತದೆ, ಮತ್ತು ಹೊರಗಿನಿಂದ ನೋಡುವವರಿಗೆ ಅದು ಸತ್ತ ಕ್ಯಾಟಲಿಸ್ಟಿನ ಹಾಗೆಯೇ ಕಾಣುತ್ತದೆ. ಹಿಂದಿನ ಮಾಲೀಕರು ಬಣ್ಣ ಬಳಿದ ಹಲಗೆ, ಹೊಳಪು ಕಾಗದ, ಪ್ಲಾಸ್ಟಿಕ್ ಸುಟ್ಟಿದ್ದರೆ ಲೇಪದ ಮೇಲೆ ವಿಷದ ಪೊರೆ ಕಟ್ಟಿರಬಹುದು. ಸೆರಾಮಿಕ್ ಬಿಲ್ಲೆಯಾದರೆ, ಬಿಳಿ ವಿನೆಗರ್ ಮತ್ತು ಬಟ್ಟಿಯಿಳಿಸಿದ ನೀರನ್ನು ಸಮನಾಗಿ ಬೆರೆಸಿ ಅದರಲ್ಲಿ ಅರ್ಧ ಗಂಟೆ ಸಣ್ಣಗೆ ಕುದಿಸಿ, ಬಟ್ಟಿಯಿಳಿಸಿದ ನೀರಿನಲ್ಲೇ ಎರಡು ಸಲ ಕುದಿಸಿ ತೊಳೆದು, ಪೂರ್ತಿ ಒಣಗಿಸಿ ಹಾಕುವ ಪದ್ಧತಿಯಿದೆ. ನನ್ನ ಬಿಲ್ಲೆ ಇದರಿಂದ ಇನ್ನೊಂದು ಚಳಿಗಾಲ ಬಾಳಿತು. ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ನಾಲ್ಕು ದಿನ ಹೋಗದ ಆ ವಾಸನೆಯ ಬಗ್ಗೆ ಮನೆಯಾಕೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಒಣ ಸೌದೆ ಸಿಕ್ಕ ಮೇಲೆ ಎದುರಾಗುವುದು ಇದಕ್ಕೆ ತದ್ವಿರುದ್ಧವಾದ ತೊಂದರೆ. ಮುಳ್ಳು 1,700ರ ಕಡೆಗೆ ಏರಿದರೆ ಲೇಪ ಕೆಡುತ್ತದೆ. ಆಗ ಗಾಳಿಯನ್ನು ಇನ್ನಷ್ಟು ಮುಚ್ಚಬೇಕೆಂದು ಕೈ ತಾನಾಗಿ ಹೋಗುತ್ತದೆ. ಆದರೆ ಒಲೆಯೊಳಗೆ ಜ್ವಾಲೆಯಿಲ್ಲದೆ ಹೊಗೆಯೇ ತುಂಬಿದ್ದರೆ, ಮುಚ್ಚಿದಷ್ಟೂ ಬಿಲ್ಲೆಗೆ ಆಹಾರ ಹೆಚ್ಚುತ್ತದೆ. ಗಾಳಿಯನ್ನು ತುಸು ತೆರೆದು ಜ್ವಾಲೆ ಎಬ್ಬಿಸಿದರೆ ಹೊಗೆಯ ಒಂದು ಪಾಲು ಕೆಳಗೇ ಸುಟ್ಟುಹೋಗಿ ಮುಳ್ಳು ನಿಧಾನವಾಗಿ ಇಳಿಯುತ್ತದೆ. ಒಳಗೆ ಜ್ವಾಲೆ ಭೋರ್ಗರೆಯುತ್ತಿದ್ದರೆ ಮಾತ್ರ ಗಾಳಿ ತಗ್ಗಿಸುವುದು ಸರಿ.

ಬಿಲ್ಲೆಯ ಆಯುಸ್ಸನ್ನು ಸಾಮಾನ್ಯವಾಗಿ 10,000ದಿಂದ 12,000 ಗಂಟೆಗಳೆಂದು ಲೆಕ್ಕ ಹಾಕುತ್ತಾರೆ. ಹಿಂದಿನ ಮಾಲೀಕರು ಅದನ್ನು ಯಾವಾಗ ಹಾಕಿಸಿದ್ದರೆಂದು ಕೇಳಿ ತಿಳಿಯಿರಿ. ಕೊನೆಗೆ ಬದಲಿಸಲೇಬೇಕಾದರೆ ಹಳೆಯದರ ಉದ್ದ, ಅಗಲ, ದಪ್ಪ ಮೂರನ್ನೂ ಅಳೆದುಕೊಂಡು ಹೋಗಿ, ಸುತ್ತುವ ಗ್ಯಾಸ್ಕೆಟ್ ಪಟ್ಟಿಯನ್ನೂ ಹೊಸದಾಗಿಯೇ ತನ್ನಿ.